ಬೇಲಿಯೇ ಎದ್ದು ಹೊಲ ಮೇಯ್ದಾಗ

ವಂಡ್ಸೆಯ ಬೈಲುಗದ್ದೆಗಳಲ್ಲಿ ನಾಟಿಯ ದಿನಗಳೆಂದರೆ ಕಾಲು ಹೂಳುವ ಕೆಸರು. ಕಾಲಿನ ಸಣ್ಣ ಗಾಯವನ್ನು ಆಗ ಯಾರೂ ಲೆಕ್ಕಕ್ಕಿಡುವುದಿಲ್ಲ. ಆದರೆ ಕರಾವಳಿಯ ಮಣ್ಣಿನಲ್ಲಿ ಮೆಲಿಯಾಯ್ಡೋಸಿಸ್ ಎಂಬ ರೋಗದ ಬ್ಯಾಕ್ಟೀರಿಯ ಇರಬಹುದು. ಗಾಯವೇ ಅದಕ್ಕೆ ಬಾಗಿಲು. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ವೈದ್ಯರು ಈ ರೋಗವನ್ನು ಮಳೆಗಾಲದಲ್ಲೇ ಹೆಚ್ಚಾಗಿ ಕಂಡಿದ್ದಾರೆ. ರೋಗಿಗಳಲ್ಲಿ ಬಹಳ ಮಂದಿ ಸಕ್ಕರೆ ಕಾಯಿಲೆಯವರು. ರೋಗಾಣು ರಕ್ತಕ್ಕೆ ಸೇರಿದರೆ ಎದುರಾಗುವ ದೊಡ್ಡ ಅಪಾಯವೇ ಸೆಪ್ಸಿಸ್.

ಸೆಪ್ಸಿಸ್ ಎಂದರೆ ರಕ್ತ ನಂಜಾಗುವುದು ಎನ್ನುತ್ತೇವೆ. ಅದು ಅರ್ಧ ಸತ್ಯ. ಇಲ್ಲಿ ಹಾನಿ ಮಾಡುವುದು ರೋಗಾಣು ಮಾತ್ರವಲ್ಲ, ನಮ್ಮ ಕಾವಲುಗಾರರಾದ ಬಿಳಿ ರಕ್ತಕಣಗಳೂ ಹೌದು.

ಅದು ಹೇಗೆ? ನ್ಯೂಟ್ರೋಫಿಲ್ ಎಂಬ ಬಿಳಿ ಕಣ ರೋಗಾಣುವನ್ನು ನುಂಗುತ್ತದೆ. ಕೆಲವೊಮ್ಮೆ ತನ್ನ ಡಿಎನ್‌ಎಯನ್ನೇ ಹೊರಚೆಲ್ಲಿ ಬಲೆ ಬೀಸುತ್ತದೆ. ಬರ್ಲಿನ್ನಿನ ವಿಜ್ಞಾನಿಗಳು ಈ ಬಲೆಯನ್ನು 2004ರಲ್ಲಿ ಜಗತ್ತಿಗೆ ತೋರಿಸಿದರು. ಮ್ಯಾಕ್ರೋಫೇಜ್ ಎಂಬ ಇನ್ನೊಂದು ಕಣ ಟಿಎನ್‌ಎಫ್‌ನಂಥ ರಾಸಾಯನಿಕ ಸುರಿಸಿ ಉಳಿದವರನ್ನು ಕರೆಯುತ್ತದೆ. ಗಾಯದ ಜಾಗದಲ್ಲಿ ಇದೆಲ್ಲ ಒಳ್ಳೆಯದೇ. ಮೈಯೆಲ್ಲ ಹಬ್ಬಿದರೆ ಮಾತ್ರ ರಕ್ತನಾಳಗಳು ಸೋರುತ್ತವೆ, ರಕ್ತದೊತ್ತಡ ಕುಸಿಯುತ್ತದೆ, ಸಣ್ಣ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ.

ಆಗ ಪೆಟ್ಟು ತಿನ್ನುವ ಅಂಗಗಳಲ್ಲಿ ಕರುಳೂ ಒಂದು. ಕರುಳಿನಲ್ಲಿ ಕೋಟಿ ಕೋಟಿ ಬ್ಯಾಕ್ಟೀರಿಯಗಳಿವೆ. ಅವು ಒಳನುಗ್ಗದಂತೆ ತಡೆಯುವುದು ಲೋಳೆಯ ಪದರ ಮತ್ತು ಒಂದೇ ಸಾಲು ಜೀವಕೋಶಗಳ ಗೋಡೆ. ಕಿಂಡಿ ಅಣೆಕಟ್ಟಿನ ಹಲಗೆಗಳಂತೆ ಈ ಕೋಶಗಳು ಒತ್ತಾಗಿ ಕೂಡಿರುತ್ತವೆ. ಸೆಪ್ಸಿಸ್‌ನಲ್ಲಿ ರಕ್ತ ಸಾಲದೆ ಕೆಲವು ಕೋಶಗಳು ಸಾಯುತ್ತವೆ; ಟಿಎನ್‌ಎಫ್ ಉಳಿದವುಗಳ ಬೆಸುಗೆಯನ್ನು ಸಡಿಲಿಸುತ್ತದೆ. ಸಂದಿನಿಂದ ಬ್ಯಾಕ್ಟೀರಿಯಗಳೂ ಅವುಗಳ ವಿಷವೂ ಸೋರಿದಾಗ ಕಾವಲುಗಾರರು ಇನ್ನಷ್ಟು ಕೆರಳುತ್ತಾರೆ. ಉರಿವ ಬೆಂಕಿಗೆ ತುಪ್ಪ ಸುರಿದಂತೆ!

ಹಾಗಾದರೆ ಕಾವಲುಗಾರರನ್ನೇ ಕಟ್ಟಿಹಾಕಬಾರದೇ ಎಂದು ನೀವು ಕೇಳಬಹುದು. ಟಿಎನ್‌ಎಫ್ ತಡೆಯುವ ಔಷಧಗಳನ್ನು 1990ರ ದಶಕದಲ್ಲಿ ಪ್ರಯೋಗಿಸಿ ನೋಡಿದರು. ನಿರೀಕ್ಷಿಸಿದ ಫಲ ಸಿಗಲಿಲ್ಲ. ರೋಗಾಣುವನ್ನು ಕೊಲ್ಲಲು ಅದೇ ಕಣಗಳು ಬೇಕಲ್ಲ! ಅಲ್ಲದೆ ಸೆಪ್ಸಿಸ್ ಮುಂದುವರಿದಂತೆ ಅವು ದಣಿದು ಸೋಲುವುದೂ ಉಂಟು. ಆದ್ದರಿಂದ ಇಂದಿಗೂ ಮುಖ್ಯ ಚಿಕಿತ್ಸೆ ಎಂದರೆ ಬೇಗನೆ ಕೊಡುವ ಸರಿಯಾದ ಆ್ಯಂಟಿಬಯಾಟಿಕ್, ಸಲೈನ್ ಮತ್ತು ನಿಗಾ. 2017ರಲ್ಲಿ ಜಗತ್ತಿನ ಸುಮಾರು 1.1 ಕೋಟಿ ಸಾವುಗಳಿಗೆ ಸೆಪ್ಸಿಸ್ ನಂಟಿತ್ತೆಂದು ಅಂದಾಜು.

ಗದ್ದೆಗಿಳಿಯುವ ಮುನ್ನ ಗಾಯ ಮುಚ್ಚಿಕೊಳ್ಳಿ, ಸಾಧ್ಯವಾದರೆ ಗಂಬೂಟು ಹಾಕಿ, ಮನೆಗೆ ಬಂದು ಸೋಪಿನಿಂದ ಕೈಕಾಲು ತೊಳೆಯಿರಿ. ಜ್ವರದ ಜೊತೆಗೆ ಏದುಸಿರು, ಮಂಪರು, ಅಸಂಬದ್ಧ ಮಾತು, ಮೂತ್ರ ಕಡಿಮೆಯಾಗುವುದು ಇವುಗಳಲ್ಲಿ ಯಾವುದು ಕಂಡರೂ ರೋಗಿಯನ್ನು ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಬೆಳಗಾಗಲಿ ಎಂದು ಕಾಯಬೇಡಿ.