ಸೀಟಿ ಊದುವ ಹುಡುಗಿ

ಓದುಗ ಸೋದರಿಯರೇ, ಹೋದ ಸಲ ಬರೆದ ಶೇಂಗಾ ಹೋಳಿಗೆ ಲಟ್ಟಿಸುವಾಗ ಹರಿಯುತ್ತದೆ ಎಂದು ಇಬ್ಬರು ಕಾಗದ ಬರೆದಿದ್ದೀರಿ. ಕಣಕವನ್ನು ಇನ್ನೂ ಅರ್ಧ ಗಂಟೆ ನೆನೆಯಲು ಬಿಡಿ, ಹೂರಣವನ್ನು ಸಣ್ಣಗೆ ಕುಟ್ಟಿ, ಸರಿಹೋಗುತ್ತದೆ. ಈ ಸಲ ಒಲೆ ಆರಿಸಿ ನನ್ನ ಜೊತೆ ಕಬಡ್ಡಿ ಅಂಕಣದವರೆಗೆ ಬನ್ನಿ.

ನನ್ನ ಮೈದುನನ ಮಗಳು ಬಿ.ಪಿ.ಎಡ್. ಮುಗಿಸಿ ಒಂದು ಶಾಲೆಯಲ್ಲಿ ಆಟದ ಟೀಚರು. ಹೋಬಳಿ, ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟಗಳಲ್ಲಿ ಹುಡುಗಿಯರ ಆಟಕ್ಕೆ ಸೀಟಿ ಊದಿದ್ದಳು. ಅದಕ್ಕೆ ಮನೆಯಲ್ಲಿ ಯಾರ ತಕರಾರೂ ಇರಲಿಲ್ಲ. ಹೋದ ವರ್ಷ ಪಕ್ಕದ ಊರಿನ ಜಾತ್ರೆಯಲ್ಲಿ ಗಂಡಸರ ಕಬಡ್ಡಿ ಪಂದ್ಯಕ್ಕೆ ಒಬ್ಬ ಅಂಪೈರ್ ಬರಲಿಲ್ಲವೆಂದು ಇವಳಿಗೆ ಫೋನು ಬಂತು. "ಹೋಗ್ಲೇನು ದೊಡ್ಡವ್ವ?" ಅಂದಳು. ನಮ್ಮ ಅತ್ತೆಯವರು ಒಳಗಿನಿಂದಲೇ, "ಹೆಣ್ಣು ಸಿಳ್ಳೆ ಹಾಕಿದ್ರ ಮನಿಗೆ ಒಳ್ಳೇದಲ್ಲವ್ವಾ" ಅಂದರು. ನಾನೂ ಬೇಡವೆಂದೇ ಹೇಳಿದೆ. ಮುಚ್ಚಿಡುವುದೇಕೆ, ನನಗೆ ಇದ್ದದ್ದು ದರಿದ್ರದ ಹೆದರಿಕೆಯಲ್ಲ, ಜನರ ಬಾಯಿಯ ಹೆದರಿಕೆ. ಅವಳಿಗೆ ಗಂಡು ನೋಡುತ್ತಿದ್ದೆವು. ಅವಳು ಹೋದಳು. ಒಬ್ಬಳನ್ನೇ ಕಳಿಸಲಾರದೆ ನಾನೂ ಹಿಂದೆ ಹೋದೆ.

ಕಬಡ್ಡಿಯಲ್ಲಿ ಒಬ್ಬರು ರೆಫರಿ, ಇಬ್ಬರು ಅಂಪೈರು. ದಾಳಿಗೆ ಹೋದವನು ಮೂವತ್ತು ಸೆಕೆಂಡಿನೊಳಗೆ ಬರಬೇಕು, ಉಸಿರು ಕಡಿಯದೆ ಕಬಡ್ಡಿ ಕಬಡ್ಡಿ ಅನ್ನಬೇಕು. ಅಂಪೈರಿನ ಕಣ್ಣು ಕಾಲಿನ ಮೇಲೆ, ಗೆರೆಯ ಮೇಲೆ. ಕುಕ್ಕರಿನ ಸೀಟಿ ಎಣಿಸುತ್ತಾ, ಹಾಲು ಉಕ್ಕುವುದನ್ನೂ ನೋಡುತ್ತಾ, ಬಾಗಿಲಲ್ಲಿ ಬಂದವರಿಗೆ ಉತ್ತರ ಕೊಡುವ ನಮಗೆ ಇದೇನೂ ಹೊಸ ವಿದ್ಯೆಯಲ್ಲ ಅನ್ನಿಸಿತು.

ಮೊದಲ ಅರ್ಧದಲ್ಲೇ ಬಂತು ನೋಡಿ ಪರೀಕ್ಷೆ. ಆ ಊರಿನ ಹುಡುಗ ಮುಟ್ಟಿ ವಾಪಸು ಬರುವಾಗ ಹಿಮ್ಮಡಿ ಪಕ್ಕದ ಗೆರೆಯ ಆಚೆ ಬಿತ್ತು. ಇವಳು ಸೀಟಿ ಊದಿ ಔಟ್ ಎಂದು ಕೈ ತೋರಿಸಿದಳು. "ರೊಟ್ಟಿ ಬಡಿಯಾದು ಬಿಟ್ಟು ಇಲ್ಲೇನವ್ವಾ ನಿಂದು?" ಎಂದು ಹಿಂದಿನಿಂದ ಒಬ್ಬ ಕೂಗಿದ, ನೂರು ಜನ ನಕ್ಕರು. ನನ್ನ ಮುಖ ಸುಟ್ಟಂತಾಯಿತು. ಅವಳು ತಿರುಗಿಯೂ ನೋಡಲಿಲ್ಲ. ಎರಡನೆಯ ಅರ್ಧದಲ್ಲಿ ಮಾತ್ರ ಅವಸರಪಟ್ಟು, ಹಿಡಿತ ಪೂರ್ತಿಯಾಗುವ ಮೊದಲೇ ಸೀಟಿ ಊದಿಬಿಟ್ಟಳು. ಯಾರೂ ಹೇಳುವ ಮೊದಲು ತಾನೇ ರೆಫರಿಯ ಹತ್ತಿರ ಹೋಗಿ, "ಸರ್, ನಂದೇ ತಪ್ಪು" ಅಂದಳು. ಆ ದಾಳಿಗೆ ಅವರು ಯಾರಿಗೂ ಅಂಕ ಕೊಡಲಿಲ್ಲ. ಆಶ್ಚರ್ಯವೆಂದರೆ, ಗಲಾಟೆ ನಿಂತಿದ್ದು ಆಮೇಲೆಯೇ.

ಮನೆಗೆ ಬಂದ ಮೇಲೆ ಇಂಥವರು ಬೇರೆ ಯಾರಿದ್ದಾರೆಂದು ಅವಳೇ ಫೋನಿನಲ್ಲಿ ಹುಡುಕಿ ಓದಿ ಹೇಳಿದಳು. ನಮ್ಮ ದೇಶದಲ್ಲೇ 2023ರ ಜನವರಿಯಲ್ಲಿ ವೃಂದಾ ರಾಠಿ, ಜನನಿ ನಾರಾಯಣನ್, ಗಾಯತ್ರಿ ವೇಣುಗೋಪಾಲನ್ ಎಂಬ ಮೂವರು ಗಂಡಸರ ರಣಜಿ ಪಂದ್ಯಗಳಿಗೆ ಅಂಪೈರಾಗಿ ನಿಂತರು. ಅದಕ್ಕೆ ಮೊದಲು ಯಾವ ಹೆಂಗಸೂ ನಿಂತಿರಲಿಲ್ಲ. ಜನನಿ ಚೆನ್ನೈಯವರು, ಕಂಪ್ಯೂಟರ್ ಕೆಲಸದಲ್ಲಿದ್ದವರು. ಮುಂಬೈಯ ವೃಂದಾ ಮೊದಲು ಸ್ಕೋರು ಬರೆಯುತ್ತಿದ್ದವರು. 2022ರ ಡಿಸೆಂಬರಿನಲ್ಲಿ ಫ್ರಾನ್ಸಿನ ಸ್ಟೆಫನಿ ಫ್ರಾಪಾರ್ ಗಂಡಸರ ವಿಶ್ವಕಪ್ ಫುಟ್‌ಬಾಲಿನಲ್ಲೇ ರೆಫರಿಯಾದರು.

ನನಗೆ ಹಿಡಿಸಿದ್ದು ಅಮೆರಿಕದ ಸಾರಾ ಥಾಮಸ್ ಕಥೆ. ಅಲ್ಲಿಯ ಫುಟ್‌ಬಾಲು ನಮ್ಮದಲ್ಲ, ಚೆಂಡು ತೆಂಗಿನಕಾಯಿಯಂತೆ ಉದ್ದಕ್ಕೆ, ಕೈಯಲ್ಲಿ ಹಿಡಿದು ಓಡುವುದು, ಮೈಮೇಲೆ ಬಿದ್ದು ಕೆಡಹುವುದು. ನಾಲ್ಕು ಸಲದಲ್ಲಿ ಹತ್ತು ಗಜ ಮುಂದೆ ಹೋಗಬೇಕಂತೆ. ಕಪ್ಪು ಬಿಳಿ ಪಟ್ಟೆಯ ಅಂಗಿ ತೊಟ್ಟ ಏಳು ಜನ ತೀರ್ಪುಗಾರರು, ತಪ್ಪು ಕಂಡರೆ ಹಳದಿ ಬಟ್ಟೆ ಎಸೆಯುತ್ತಾರೆ. ಸಾರಾ ಔಷಧಿ ಕಂಪನಿಯ ಮಾರಾಟದ ಕೆಲಸದಲ್ಲಿದ್ದವರು, ಮೂರು ಮಕ್ಕಳ ತಾಯಿ. 1996ರಲ್ಲಿ ಅಣ್ಣನ ಹಿಂದೆ ತೀರ್ಪುಗಾರರ ಸಭೆಗೆ ಹೋದದ್ದೇ ಆರಂಭ. ಕೂದಲನ್ನು ಟೋಪಿಯೊಳಗೆ ಸೇರಿಸಿಕೋ ಎಂದು ಹೇಳಿಸಿಕೊಂಡು, ಹೈಸ್ಕೂಲು ಹುಡುಗರ ಆಟದಿಂದ ಮೇಲೆ ಬಂದು, 2015ರಲ್ಲಿ ಎನ್.ಎಫ್.ಎಲ್. ಎಂಬ ಅವರ ದೊಡ್ಡ ಸಂಘಕ್ಕೆ ಸೇರಿದರು. 2021ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಎಂಬ ಅಂತಿಮ ಪಂದ್ಯದಲ್ಲೂ ನಿಂತರು. ಲೆಕ್ಕ ಹಾಕಿ, ಇಪ್ಪತ್ತೈದು ವರ್ಷ! ಇಲ್ಲಿ ಎರಡನೇ ಪಂದ್ಯಕ್ಕೇ "ಇನ್ನೆಷ್ಟು ದಿನ ಇದು?" ಎಂದು ಕೇಳಿದವಳು ನಾನು.

ನಿಮ್ಮ ಮಗಳಿಗೂ ಈ ಆಸೆಯಿದ್ದರೆ ಕಂಡದ್ದನ್ನು ಹೇಳುತ್ತೇನೆ. ಶಾಲಾ ಪಂದ್ಯದಿಂದಲೇ ಶುರುಮಾಡಲಿ. ನಿಯಮದ ಪುಸ್ತಕ ಬಾಯಿಪಾಠವಾಗಲಿ, ಎದುರು ಮಾತಾಡುವವರಿಗೆ ಅದೇ ಉತ್ತರ. ಹಿಡಿತ ಕೊಡುವ ಬೂಟಿಗೆ ಕಾಸು ಉಳಿಸಬೇಡಿ. ದಿನವಿಡೀ ನಿಲ್ಲಬೇಕು, ಹುರಿಗಡಲೆ, ಬೆಲ್ಲ ಕಟ್ಟಿಕೊಡಿ. ಇನ್ನೊಂದು ಮುಖ್ಯ ಮಾತು, ಬಯಲಿನಲ್ಲಿ ಬಟ್ಟೆ ಬದಲಿಸಲು, ಬಚ್ಚಲಿಗೆ ಹೋಗಲು ಜಾಗವೆಲ್ಲಿದೆ ಎಂದು ಮೊದಲೇ ಫೋನಿನಲ್ಲಿ ಕೇಳಿ. ನಮ್ಮ ಹುಡುಗಿ ಆ ದಿನ ಮಧ್ಯಾಹ್ನದವರೆಗೆ ನೀರೇ ಕುಡಿದಿರಲಿಲ್ಲ. ಬೈಗುಳಕ್ಕಿಂತ ನನಗೆ ಅದೇ ಹೆಚ್ಚು ಸಿಟ್ಟು ತಂದದ್ದು.

ಗಂಡಿನ ಕಡೆಯವರು ಬಂದಿದ್ದರು. ಅವಲಕ್ಕಿ, ಚಹಾ ಆದ ಮೇಲೆ ಹುಡುಗನ ತಾಯಿ ಮೆಲ್ಲಗೆ, "ಮದುವಿ ಆದ ಮ್ಯಾಲೂ ಸೀಟಿ ಊದ್ತೀಯೇನವಾ?" ಅಂದರು. ನಾನು ಮಾತು ಮರೆಸಲು ಬಾಯಿ ತೆರೆದೆ, ಅಷ್ಟರಲ್ಲಿ ಅವಳು, "ಊದ್ತೀನ್ರೀ ಅತ್ತಿ, ರಜಾ ಇದ್ದಾಗ" ಅಂದಳು. ಹೇಳಿ ಕಳಿಸುತ್ತೇವೆ ಅಂದು ಹೋದರು. ಮೂರು ವಾರವಾಯಿತು, ಹೇಳಿ ಕಳಿಸಿಲ್ಲ. ಅವಳ ತಂದೆ ಮಾತು ಕಡಿಮೆ ಮಾಡಿದ್ದಾರೆ. ಅವಳು ಅಂಪೈರ್ ಪರೀಕ್ಷೆಗೆ ಓದುತ್ತಿದ್ದಾಳೆ. ಸಂಜೆ ನಾನು ಸೊಪ್ಪು ಸೋಸುತ್ತಾ ಪ್ರಶ್ನೆ ಕೇಳುತ್ತೇನೆ. ನಿನ್ನೆ ಲೋನಾಕ್ಕೆ ಎಷ್ಟು ಅಂಕ ಎಂದು ಕೇಳಿದರೆ, ಅವಳಿಗಿಂತ ಮೊದಲು ನಮ್ಮ ಅತ್ತೆಯವರೇ ಒಳಗಿನಿಂದ, "ಎರಡು" ಅಂದರು.