ಇಳಿಸುವ ವಿದ್ಯೆ

ದೀಪಾವಳಿಯ ರಾತ್ರಿ ಬಾಣವೊಂದು ಸುಯ್ಯೆಂದು ಮೇಲೇರಿದಾಗ ನಮ್ಮೆಲ್ಲರ ದೃಷ್ಟಿಯೂ ಆಕಾಶದತ್ತ ತಿರುಗುತ್ತದೆ. ಬಣ್ಣದ ಕಿಡಿಗಳು ಆರಿಹೋದ ಮೇಲೆ ಅದರ ಸುಟ್ಟ ಕಡ್ಡಿ ಎಲ್ಲಿ ಬಿದ್ದಿತೆಂದು ವಿಚಾರಿಸುವವರು ವಿರಳ. ಅದು ನೆರೆಯವರ ಹುಲ್ಲಿನ ಬಣವೆಯ ಮೇಲೆ ಬಿದ್ದಾಗ ಮಾತ್ರ ವಿಚಾರಣೆ ಪ್ರಾರಂಭವಾಗುತ್ತದೆ. ರಾಕೆಟ್ಟಿನ ಇತಿಹಾಸವೂ ಬಹುಕಾಲ ಹೀಗೆಯೇ ನಡೆಯಿತು. ಹದಿನೆಂಟನೆಯ ಶತಮಾನದಲ್ಲಿ ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಮೈಸೂರು ಸೈನ್ಯವು ಕಬ್ಬಿಣದ ಕೊಳವೆಯ ರಾಕೆಟ್ಟುಗಳನ್ನು ಇಂಗ್ಲಿಷರ ಮೇಲೆ ಪ್ರಯೋಗಿಸಿತು. ಶತ್ರುವಿನ ಮೇಲೆ ಎಸೆದ ಆಯುಧವು ಕ್ಷೇಮವಾಗಿ ಹಿಂದಿರುಗಲೆಂದು ಯಾರು ತಾನೆ ಬಯಸುತ್ತಾರೆ? ಆದರೆ ಕಲಿಕೆಗಾಗಿ ರಾಕೆಟ್ಟನ್ನು ಹಾರಿಸುವವನು ಈ ಪ್ರಶ್ನೆಯಿಂದ ನುಣುಚಿಕೊಳ್ಳಲಾರ. ಮಾದರಿ ರಾಕೆಟ್ಟುಗಳ ನಿರ್ಮಾಣದಲ್ಲಿ ಏರಿಸುವುದಕ್ಕಿಂತ ಇಳಿಸುವುದೇ ಹಿರಿದಾದ ವಿದ್ಯೆ ಎಂಬುದು ನನ್ನ ಅಭಿಪ್ರಾಯ.

ಈ ಹವ್ಯಾಸವು ಹುಟ್ಟಿದ ಬಗೆಯನ್ನು ನೋಡಿದರೆ ಮಾತು ಸ್ಪಷ್ಟವಾಗುತ್ತದೆ. ಅಮೆರಿಕದ ನೆಬ್ರಾಸ್ಕ ರಾಜ್ಯದ ನಾರ್ಫೋಕ್ ಎಂಬ ಊರಿನಲ್ಲಿ ಆರ್ವಿಲ್ ಕಾರ್ಲೈಲ್ ಎಂಬ ಪಾದರಕ್ಷೆಗಳ ವ್ಯಾಪಾರಿಯಿದ್ದರು. ಅವರಿಗೆ ಬಾಣಬಿರುಸುಗಳಲ್ಲಿ ಆಸಕ್ತಿ; ಸಹೋದರ ರಾಬರ್ಟರಿಗೆ ಮಾದರಿ ವಿಮಾನಗಳಲ್ಲಿ. ಈ ಎರಡು ಆಸಕ್ತಿಗಳೂ ಕೂಡಿದುದರ ಫಲವಾಗಿ 1954ರಲ್ಲಿ ಕಾಗದದ ಕೊಳವೆಯ ಪುಟ್ಟ ರಾಕೆಟ್ಟೊಂದು ಸಿದ್ಧವಾಯಿತು. ಅದಕ್ಕೆ ಅವರಿಟ್ಟ ಹೆಸರು ‘ರಾಕ್-ಎ-ಚೂಟ್’. ರಾಕೆಟ್ಟು, ಪ್ಯಾರಾಚೂಟು ಎಂಬ ಎರಡು ಮಾತುಗಳೂ ಅದರಲ್ಲಿ ಬೆಸೆದುಕೊಂಡಿವೆ. ಹೀಗೆ ಮಾದರಿ ರಾಕೆಟ್ಟು ತನ್ನ ಗಾಳಿಕೊಡೆಯನ್ನು ಒಡಲಿನಲ್ಲಷ್ಟೇ ಅಲ್ಲ, ಹೆಸರಿನಲ್ಲಿಯೂ ಹೊತ್ತುಕೊಂಡೇ ಹುಟ್ಟಿತು.

ಆ ಕಾಲದ ಅಮೆರಿಕದಲ್ಲಿ ಅನೇಕ ಹುಡುಗರು ಲೋಹದ ಕೊಳವೆಗಳಿಗೆ ತಾವೇ ಬೆರೆಸಿದ ಮದ್ದನ್ನು ತುಂಬಿ ಹಾರಿಸಲು ಯತ್ನಿಸುತ್ತಿದ್ದರು. ಹಲವರು ಗಾಯಗೊಂಡರು, ಕೆಲವರು ಪ್ರಾಣವನ್ನೇ ತೆತ್ತರು. ವೈಟ್ ಸ್ಯಾಂಡ್ಸ್ ಎಂಬ ರಾಕೆಟ್ ಪರೀಕ್ಷಾ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿದ್ದ ಹ್ಯಾರಿ ಸ್ಟೈನ್ ಎಂಬುವರು ರಾಕೆಟ್ಟುಗಳ ಸುರಕ್ಷತೆಯನ್ನು ಕುರಿತು ಪತ್ರಿಕೆಗೆ ಒಂದು ಲೇಖನ ಬರೆದರು. ಅದನ್ನು ಓದಿದ ಕಾರ್ಲೈಲರು 1957ರಲ್ಲಿ ತಮ್ಮ ರಾಕೆಟ್ಟುಗಳನ್ನು ಅವರಿಗೆ ಅಂಚೆಯ ಮೂಲಕ ಕಳುಹಿಸಿಕೊಟ್ಟರು. ಆ ವರ್ಷದ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟವು ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದ ಮೇಲೆ ಹುಡುಗರ ಉತ್ಸಾಹಕ್ಕೆ ಮೇರೆಯೇ ಇಲ್ಲದಂತಾಯಿತು. ಅದನ್ನು ಅಡಗಿಸುವ ಬದಲು ಸರಿದಾರಿಗೆ ತಂದದ್ದು ಸ್ಟೈನರ ಹಿರಿಮೆ. ಲೋಹವನ್ನು ಬಿಟ್ಟು ಕಾಗದ, ಹಗುರವಾದ ಮರ ಮುಂತಾದವುಗಳನ್ನು ಬಳಸಬೇಕು. ಮದ್ದನ್ನು ಮನೆಯಲ್ಲಿ ಬೆರೆಸದೆ ಕಾರ್ಖಾನೆಯಲ್ಲಿ ತಯಾರಾದ ಮೋಟರನ್ನೇ ಉಪಯೋಗಿಸಬೇಕು. ದೂರದಲ್ಲಿ ನಿಂತು ವಿದ್ಯುತ್ತಿನಿಂದಲೇ ಹೊತ್ತಿಸಬೇಕು. ಕ್ಷೇಮವಾಗಿ ಇಳಿಸುವ ಸಾಧನವಿಲ್ಲದ ರಾಕೆಟ್ಟನ್ನು ಹಾರಿಸಲೇ ಕೂಡದು. ಇವು ಈ ಹವ್ಯಾಸದ ಮೂಲಸೂತ್ರಗಳಾದುವು.

ಇಳಿಸುವ ಸಾಧನವು ಕೆಲಸ ಮಾಡುವ ರೀತಿ ಸ್ವಾರಸ್ಯವಾಗಿದೆ. ಮೋಟರಿನೊಳಗೆ ಮೂರು ಪದರಗಳುಂಟು. ಮೊದಲನೆಯದು ಉರಿದು ರಾಕೆಟ್ಟನ್ನು ಮೇಲಕ್ಕೆ ನೂಕುತ್ತದೆ. ಎರಡನೆಯದು ನೂಕದೆ ನಿಧಾನವಾಗಿ ಉರಿಯುತ್ತ ಹೊಗೆಯನ್ನು ಬಿಡುತ್ತದೆ. ಅಷ್ಟರಲ್ಲಿ ರಾಕೆಟ್ಟು ತನ್ನ ವೇಗದಿಂದಲೇ ತುದಿಯೆತ್ತರವನ್ನು ಮುಟ್ಟುತ್ತದೆ. ಮೂರನೆಯದು ಥಟ್ಟನೆ ಉರಿದು, ಅದರ ಅನಿಲದ ಒತ್ತಡವು ರಾಕೆಟ್ಟಿನ ಮೂತಿಯನ್ನು ಕಳಚಿ ಗಾಳಿಕೊಡೆಯನ್ನು ಹೊರಕ್ಕೆ ತಳ್ಳುತ್ತದೆ. ಆ ಬಿಸಿಗೆ ತೆಳುವಾದ ಕೊಡೆಯು ಕರಗದಂತೆ ನಡುವೆ ಬೆಂಕಿ ಹತ್ತದ ಕಾಗದವನ್ನು ತುರುಕಿರುತ್ತಾರೆ. ಮೋಟರಿನ ಮೇಲೆ ‘ಸಿ6-5’ ಎಂದು ಬರೆದಿದ್ದರೆ, ಅಕ್ಷರವು ಅದರ ಸಾಮರ್ಥ್ಯದ ದರ್ಜೆಯನ್ನೂ, 6 ಎಂಬುದು ನ್ಯೂಟನ್‌ಗಳಲ್ಲಿ ಸರಾಸರಿ ನೂಕುಬಲವನ್ನೂ, 5 ಎಂಬುದು ನೂಕು ಮುಗಿದ ಮೇಲೆ ಕೊಡೆಯನ್ನು ತಳ್ಳುವವರೆಗಿನ ಸೆಕೆಂಡುಗಳನ್ನೂ ಸೂಚಿಸುತ್ತವೆ. ಈ ಅವಧಿ ಕಡಮೆಯಾದರೆ ವೇಗವಾಗಿ ಏರುತ್ತಿರುವಾಗಲೇ ಕೊಡೆ ಬಿಚ್ಚಿಕೊಂಡು ಹರಿಯಬಹುದು. ಹೆಚ್ಚಾದರೆ ರಾಕೆಟ್ಟು ತಲೆಕೆಳಗಾಗಿ ನೆಲದತ್ತ ಧಾವಿಸಿರುತ್ತದೆ.

ಕೊಡೆ ದೊಡ್ಡದಾದಷ್ಟೂ ಒಳ್ಳೆಯದೆಂದು ತೋರಬಹುದು. ಅದೂ ನಿಜವಲ್ಲ. 150 ಮೀಟರ್ ಎತ್ತರದಿಂದ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಇಳಿಯುವ ರಾಕೆಟ್ಟು 50 ಸೆಕೆಂಡು ಗಾಳಿಯಲ್ಲಿರುತ್ತದೆ. ಗಾಳಿಯ ವೇಗ ಸೆಕೆಂಡಿಗೆ 4 ಮೀಟರ್ ಇದ್ದರೆ ಅದು 200 ಮೀಟರ್ ದೂರ ತೇಲಿಹೋಗುತ್ತದೆ. ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಇಳಿದರೆ 30 ಸೆಕೆಂಡುಗಳಲ್ಲಿ ನೆಲ ಮುಟ್ಟುವುದರಿಂದ 120 ಮೀಟರ್ ಮಾತ್ರ ತೇಲುತ್ತದೆ. ಇಳಿಯುವ ವೇಗವನ್ನು ಅರ್ಧಕ್ಕೆ ತಗ್ಗಿಸಬೇಕಾದರೆ ಕೊಡೆಯ ವಿಸ್ತೀರ್ಣ ನಾಲ್ಕು ಪಟ್ಟಾಗಬೇಕು. ರಾಕೆಟ್ಟು ಮುರಿಯಬಾರದು, ಬಯಲನ್ನು ದಾಟಿಯೂ ಹೋಗಬಾರದು. ಈ ಎರಡರ ನಡುವಿನ ಹದವನ್ನು ಕಂಡುಕೊಳ್ಳುವವನು ಗಣಿತವನ್ನೂ ಭೌತಶಾಸ್ತ್ರವನ್ನೂ ವಿವೇಕವನ್ನೂ ಒಟ್ಟಿಗೆ ಕಲಿಯುತ್ತಾನೆ.

ಗಾಳಿಕೊಡೆಯು ವ್ಯರ್ಥ ಭಾರ, ಅದಿಲ್ಲದಿದ್ದರೆ ರಾಕೆಟ್ಟು ಇನ್ನೂ ಎತ್ತರಕ್ಕೆ ಹೋಗುತ್ತಿತ್ತು ಎಂದು ಕೆಲವರು ವಾದಿಸಬಹುದು. ಭಾರ ಹೆಚ್ಚಿದರೆ ಎತ್ತರ ತಗ್ಗುವುದು ನಿಜ. ಆದರೆ ಕೊಡೆಯಿಲ್ಲದೆ ಬೀಳುವ ರಾಕೆಟ್ಟಿಗೂ ಕವಣೆಯ ಕಲ್ಲಿಗೂ ಏನು ವ್ಯತ್ಯಾಸ? ಸಿದ್ಧ ಮೋಟರನ್ನು ಕೊಂಡು ತಂದರೆ ಕಲಿಯುವುದೇನು ಉಳಿಯಿತೆಂದು ಮತ್ತೆ ಕೆಲವರು ಕೇಳಬಹುದು. ರೆಕ್ಕೆಗಳ ಆಕಾರ, ಗುರುತ್ವಕೇಂದ್ರದ ಸ್ಥಾನ, ಕೊಡೆಯನ್ನು ಮಡಿಸುವ ಕ್ರಮ, ತಕ್ಕ ಅವಧಿಯ ಆಯ್ಕೆ ಇವೆಲ್ಲವೂ ಉಳಿದೇ ಇವೆ. ಉಳಿದಿರುವುದು ವಿದ್ಯೆ, ಬಿಟ್ಟುಹೋದದ್ದು ಅಪಾಯ ಮಾತ್ರ.

ದೊಡ್ಡ ನೌಕೆಗಳ ಅನುಭವವೂ ಈ ಮಾತನ್ನೇ ಪುಷ್ಟೀಕರಿಸುತ್ತದೆ. 1967ರ ಏಪ್ರಿಲ್ 24ರಂದು ಸೋಯುಜ್-1 ನೌಕೆ ಭೂಮಿಗೆ ಮರಳುವಾಗ ಗಾಳಿಕೊಡೆಗಳು ಸರಿಯಾಗಿ ಬಿಚ್ಚಿಕೊಳ್ಳದೆ ಗಗನಯಾತ್ರಿ ವ್ಲಾದಿಮಿರ್ ಕೊಮರೋವರು ಅಸುನೀಗಿದರು. 1971ರ ಆಗಸ್ಟ್ 7ರಂದು ಅಪೊಲೊ-15 ನೌಕೆಯ ಮೂರು ಕೊಡೆಗಳಲ್ಲಿ ಒಂದು ಕುಸಿದರೂ ಮೂವರು ಯಾತ್ರಿಗಳೂ ಕ್ಷೇಮವಾಗಿ ಸಾಗರದಲ್ಲಿ ಇಳಿದರು. ಏಕೆಂದರೆ ಒಂದು ಕೈಕೊಟ್ಟರೂ ಉಳಿದೆರಡು ಸಾಕಾಗುವಂತೆ ಮೊದಲೇ ಯೋಜಿಸಲಾಗಿತ್ತು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯನ್ನು ಹೊಂದಿರುವ ನಮ್ಮ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯೂ 2007ರ ಜನವರಿ 10ರಂದು ಒಂದು ಸಂಪುಟವನ್ನು ಕಕ್ಷೆಗೆ ಏರಿಸಿ, 22ರಂದು ಅದನ್ನು ಗಾಳಿಕೊಡೆಗಳ ನೆರವಿನಿಂದ ಬಂಗಾಳ ಕೊಲ್ಲಿಯಲ್ಲಿ ಇಳಿಸಿತು. ಉಪಗ್ರಹಗಳನ್ನು ಏರಿಸುವುದರಲ್ಲಿ ಪಳಗಿದ್ದ ಸಂಸ್ಥೆಗೂ ಇಳಿಸುವ ವಿದ್ಯೆಯನ್ನು ಬೇರೆಯಾಗಿಯೇ ಕಲಿಯಬೇಕಾಯಿತು.

ಮಾದರಿ ರಾಕೆಟ್ಟುಗಳ ಸುರಕ್ಷತೆಯ ನಿಯಮಗಳಲ್ಲಿ ಇನ್ನೊಂದು ಉಂಟು. ರಾಕೆಟ್ಟು ವಿದ್ಯುತ್ ತಂತಿಯ ಮೇಲೋ ಎತ್ತರದ ಮರದ ಮೇಲೋ ಸಿಕ್ಕಿಕೊಂಡರೆ ಅದನ್ನು ತೆಗೆಯಲು ಹೋಗಬಾರದು. ವಾರಗಟ್ಟಲೆ ಶ್ರಮಿಸಿ ಕಟ್ಟಿದ್ದನ್ನು ಕಣ್ಣೆದುರಿಗೇ ಬಿಟ್ಟು ಬರುವುದು ಕಷ್ಟ. ಆದರೆ ತನ್ನ ಕೈಯಿಂದ ಹಾರಿದ ವಸ್ತು ಎಲ್ಲಿ ಇಳಿಯುವುದು, ಯಾರಿಗೆ ತಗಲುವುದು ಎಂದು ಹಾರಿಸುವ ಮೊದಲೇ ಯೋಚಿಸಿದವನಿಗೆ ಅಂಥ ಸಂದರ್ಭಗಳು ಅಪರೂಪ. ಮೇಲಕ್ಕೆ ಕಳುಹಿಸುವ ಧೈರ್ಯದೊಡನೆ ಕೆಳಕ್ಕೆ ಬರುವುದರ ಹೊಣೆಯನ್ನೂ ಹೊರಬಲ್ಲವನೇ ನಿಜವಾದ ವಿಜ್ಞಾನದ ವಿದ್ಯಾರ್ಥಿ.