ಊರ ನೀರು ಮತ್ತು ಪೌರರ ಕರ್ತವ್ಯ

ಬೇಸಿಗೆ ಬಂದೊಡನೆ ನಮ್ಮ ಸಣ್ಣ ನಗರಗಳಲ್ಲೆಲ್ಲ ಒಂದೇ ಕೂಗು ಏಳುತ್ತದೆ: “ನೀರು ಸಾಲದು, ಮತ್ತೊಂದು ಯೋಜನೆ ಬೇಕು!” ಅರ್ಜಿಗಳು ಹೋಗುತ್ತವೆ, ನಿಯೋಗಗಳು ಹೋಗುತ್ತವೆ, ಕೋಟಿಗಟ್ಟಲೆ ವೆಚ್ಚದ ಅಂದಾಜುಗಳು ಸಿದ್ಧವಾಗುತ್ತವೆ. ಆದರೆ ಇದ್ದ ನೀರು ಎಲ್ಲಿ ಹೋಯಿತೆಂದು ಲೆಕ್ಕ ಕೇಳುವವರು ವಿರಳ. ತೂತು ಬಿದ್ದ ಕೊಡವನ್ನು ಹೊತ್ತು ಹೊಸ ಬಾವಿಯನ್ನು ಅರಸುವವನನ್ನು ಕಂಡರೆ ನಾವು ನಗುತ್ತೇವೆ. ಊರಿಗೆ ಊರೇ ಹಾಗೆ ನಡೆದರೆ ಮಾತ್ರ ಸುಮ್ಮನಿರುತ್ತೇವೆ.

ಇಂದು ವಿಜಯಪುರವೆನಿಸುವ ನಮ್ಮ ವಿಜಾಪುರವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ವರ್ಷಕ್ಕೆ ಸರಾಸರಿ ಸುಮಾರು ೬೦೦ ಮಿಲಿಮೀಟರು ಮಳೆಯಾಗುವ ಬಯಲುಸೀಮೆಯ ಊರಿದು. ಆದಿಲಶಾಹಿ ಅರಸರು ತೊರವಿಯ ಕಡೆಯಿಂದ ನೆಲದೊಳಗಿನ ಸುರಂಗದ ಮೂಲಕ ನೀರನ್ನು ತಂದರು. ಮಹಮ್ಮದ ಆದಿಲಶಹನು ೧೬೫೧ರಲ್ಲಿ ಬೇಗಂ ತಾಲಾಬವನ್ನು ಕಟ್ಟಿಸಿ, ಮಣ್ಣಿನ ಕೊಳವೆಗಳನ್ನು ಗಾರೆಯಲ್ಲಿ ಹುದುಗಿಸಿ ಊರಿಗೆ ನೀರು ಹರಿಸಿದನು. ದಾರಿಯಲ್ಲಿ ಅಲ್ಲಲ್ಲಿ ‘ಗಂಜ್’ ಎಂಬ ಗೋಪುರಗಳನ್ನು ಎತ್ತಿದರು. ಒತ್ತಡ ಹೆಚ್ಚಿ ಕೊಳವೆ ಒಡೆಯಬಾರದು, ರಾಡಿ ತಳದಲ್ಲಿ ನಿಲ್ಲಬೇಕು ಎಂಬುದೇ ಅವುಗಳ ಉದ್ದೇಶ. ನೀರನ್ನು ತರುವುದು ಎಷ್ಟು ಮುಖ್ಯವೋ ದಾರಿಯಲ್ಲಿ ಕಾಯುವುದೂ ಅಷ್ಟೇ ಮುಖ್ಯವೆಂಬ ಅರಿವು ಆ ಕಾಲದ ಶಿಲ್ಪಿಗಳಿಗೆ ಇದ್ದಿತು.

ಈಗ ಕೊಲ್ಹಾರದ ಬಳಿಯಲ್ಲಿ ಕೃಷ್ಣೆಯ ನೀರನ್ನು ಯಂತ್ರಗಳಿಂದ ಎತ್ತಿ, ಅನೇಕ ಮೈಲಿ ಮೇಲಕ್ಕೇರಿಸಿ ಈ ನಗರಕ್ಕೆ ತರಲಾಗುತ್ತಿದೆ. ಹೀಗೆ ಬಂದ ನೀರಿನ ಪ್ರತಿಯೊಂದು ಕೊಡದಲ್ಲಿ ವಿದ್ಯುತ್ತಿನ ವೆಚ್ಚ ಅಡಗಿದೆ, ಕರ ಕೊಡುವವನ ಬೆವರು ಅಡಗಿದೆ. ಅದು ಬೀದಿಯ ಒಡೆದ ಕೊಳವೆಯಿಂದ ಗಟಾರಕ್ಕೆ ಹರಿದರೆ ನಷ್ಟ ನೀರಿನದಷ್ಟೇ ಅಲ್ಲ. ನಿಮಿಷಕ್ಕೆ ಒಂದೇ ಲೀಟರು ಸೋರುವ ಬಿರುಕಿನಿಂದ ದಿನಕ್ಕೆ ೧,೪೪೦ ಲೀಟರು ಹೋಗುತ್ತದೆ. ತಲೆಗೆ ದಿನಕ್ಕೆ ೧೩೫ ಲೀಟರೆಂಬ ಸರಕಾರದ ಮಾನದಂಡದಂತೆ ಅದು ಹತ್ತು ಜನರ ಪಾಲು! ಇಂಥ ಬಿರುಕುಗಳು ಒಂದೊಂದು ಊರಿನಲ್ಲಿ ಎಷ್ಟಿವೆಯೆಂಬುದನ್ನು ವಾಚಕರೇ ತಮ್ಮ ಓಣಿಯಲ್ಲಿ ಎಣಿಸಿ ನೋಡಲಿ.

ಮೂರು ದಿನಕ್ಕೋ ವಾರಕ್ಕೋ ಒಮ್ಮೆ ನೀರು ಬಿಟ್ಟರೆ ಮಿತವ್ಯಯವಾಗುತ್ತದೆಂದು ಹಲವರು ನಂಬಿದ್ದಾರೆ. ಅನುಭವವು ಬೇರೆಯೇ ಹೇಳುತ್ತದೆ. ನೀರು ಯಾವಾಗ ಬರುವುದೋ ಎಂದು ಜನರು ನಳವನ್ನು ತೆರೆದೇ ಇಡುತ್ತಾರೆ. ಹೊಸ ನೀರು ಬಂದೊಡನೆ ಹಂಡೆಯ ಹಳೆಯ ನೀರನ್ನು ಚೆಲ್ಲುತ್ತಾರೆ. ಬರಿದಾದ ಕೊಳವೆಯೊಳಕ್ಕೆ ಗಟಾರದ ಹೊಲಸು ಸೇರುತ್ತದೆ. ೨೦೦೮ರಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರ್ಗಿಗಳ ಕೆಲವು ವಾರ್ಡುಗಳಲ್ಲಿ ಹೊಸ ಕೊಳವೆ ಹಾಕಿ, ಮನೆಮನೆಗೆ ಮೀಟರು ಕೂಡಿಸಿ, ಹಗಲಿರುಳು ನೀರು ಬಿಟ್ಟರು. ಆ ಭಾಗಗಳಲ್ಲಿ ಸೋರಿಕೆ ಬಹಳ ಇಳಿಯಿತು. ಹುಬ್ಬಳ್ಳಿ-ಧಾರವಾಡದಲ್ಲಿ ಪರೀಕ್ಷಿಸಿದಾಗ ನಳದ ನೀರೂ ಹೆಚ್ಚು ಶುದ್ಧವಾಗಿ ಕಂಡುಬಂದಿತು. ಕೊಳವೆಯನ್ನು ಸರಿಪಡಿಸಿದ ಮೇಲೆಯೇ ಈ ಫಲ ದೊರೆಯಿತೆಂಬುದನ್ನು ಮರೆಯಲಾಗದು.

“ಮೀಟರು ಬಂದರೆ ಬಡವನ ಗತಿಯೇನು?” ಎಂಬ ಆಕ್ಷೇಪವನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಜೀವದ ಹಕ್ಕಿನಲ್ಲಿ ಶುದ್ಧ ನೀರಿನ ಹಕ್ಕೂ ಸೇರಿದೆಯೆಂದು ಸರ್ವೋಚ್ಚ ನ್ಯಾಯಾಲಯವು ೧೯೯೧ರಲ್ಲಿಯೇ ಸಾರಿದೆ. ಆದುದರಿಂದ ಜೀವನಕ್ಕೆ ಅವಶ್ಯವಾದಷ್ಟು ನೀರಿಗೆ ಅತ್ಯಲ್ಪ ದರವಿರಲಿ. ಅದಕ್ಕೆ ಮೀರಿ ತೋಟಕ್ಕೆ, ಗಾಡಿ ತೊಳೆಯುವುದಕ್ಕೆ ಬಳಸುವವನು ಏರುವ ದರವನ್ನು ತೆರಲಿ. ಅಳತೆಯಿಲ್ಲದ ಇಂದಿನ ವ್ಯವಸ್ಥೆಯಲ್ಲಿಯೇ ಬಡವನಿಗೆ ಅನ್ಯಾಯ ಹೆಚ್ಚು. ಯಂತ್ರವಿಟ್ಟು ಎಳೆದುಕೊಳ್ಳುವ ಬಲ್ಲಿದನಿಗೆ ನೀರು ಮೊದಲು ಸಿಗುತ್ತದೆ. ಓಣಿಯ ಕೊನೆಯ ಗುಡಿಸಲಿಗೆ ಬರಿಯ ಗಾಳಿ ಬರುತ್ತದೆ.

ಇನ್ನು ಮಳೆಯ ವಿಷಯ. ನೂರು ಚದರ ಮೀಟರಿನ ಮಾಳಿಗೆಯ ಮೇಲೆ ೬೦೦ ಮಿಲಿಮೀಟರು ಮಳೆ ಬಿದ್ದರೆ ೬೦,೦೦೦ ಲೀಟರಾಯಿತು. ಐದರಲ್ಲೊಂದು ಪಾಲು ಹೋದರೂ ಉಳಿದುದು ಐದು ಜನರ ಕುಟುಂಬದ ಸಕಲ ಬಳಕೆಗೆ ಎರಡು ತಿಂಗಳಿಗೂ ಮಿಕ್ಕಿ ಸಾಕು. ತಾಜ ಬಾವಡಿ, ಚಾಂದ ಬಾವಡಿಗಳಂಥ ಜಲಾಶಯಗಳನ್ನು ಕಟ್ಟಿದ ಊರಿನವರು ನಳ ಬಂದ ಮೇಲೆ ಅನೇಕ ಬಾವಡಿಗಳನ್ನು ಕಸದ ಗುಂಡಿಗಳನ್ನಾಗಿ ಮಾಡಿದರು. ಈಚಿನ ವರ್ಷಗಳಲ್ಲಿ ಕೆಲವುಗಳ ಹೂಳೆತ್ತಿದ್ದು ಅಭಿನಂದನೀಯ. ಕುಡಿಯುವುದಕ್ಕಲ್ಲದಿದ್ದರೂ ಗಿಡಮರಗಳಿಗೆ, ಕಟ್ಟಡಗಳಿಗೆ ಆ ನೀರು ಬಂದರೆ ಅಷ್ಟು ಕೃಷ್ಣೆಯ ನೀರು ಉಳಿದಂತೆಯೇ.

ಪೌರಸಂಸ್ಥೆಯು ಊರ ನೀರಿನ ಒಡೆಯನಲ್ಲ, ವಿಶ್ವಸ್ತ. ಅನ್ಯರ ಸ್ವತ್ತನ್ನು ಕಾಯುವ ವಿಶ್ವಸ್ತನು ಲೆಕ್ಕ ಒಪ್ಪಿಸಬೇಕೆಂಬುದು ನ್ಯಾಯದ ಮೂಲಸೂತ್ರ. ಎತ್ತಿದ ನೀರೆಷ್ಟು, ಮನೆಗಳಿಗೆ ಮುಟ್ಟಿದ್ದೆಷ್ಟು, ಹಣ ಬಾರದೆ ಹೋದದ್ದೆಷ್ಟು ಎಂಬುದನ್ನು ಪ್ರತಿ ತಿಂಗಳೂ ವಾರ್ಡುವಾರು ಪ್ರಕಟಿಸಲಿ. ಹಣ ಬಾರದ ನೀರು ಶೇಕಡಾ ೨೦ನ್ನು ಮೀರಬಾರದೆಂದು ಕೇಂದ್ರ ಸರಕಾರವು ೨೦೦೮ರಲ್ಲಿಯೇ ಮಾನದಂಡವನ್ನು ಗೊತ್ತುಪಡಿಸಿದೆ. ನಮ್ಮ ಊರು ಅದಕ್ಕೆ ಎಷ್ಟು ದೂರವಿದೆಯೆಂಬುದು ಎಲ್ಲರಿಗೂ ತಿಳಿಯಲಿ.

ಪೌರರ ಪಾಲೂ ಇದೆ. ಶಿಕ್ಷಕ ಬಂಧುಗಳು ಗಣಿತದ ತರಗತಿಯಲ್ಲಿ ಮಕ್ಕಳಿಂದ ಶಾಲೆಯ ನಳದ ಸೋರಿಕೆಯನ್ನು ಅಳೆಸಲಿ. ಓಣಿಯ ಹಿರಿಯರು ಒಡೆದ ಕೊಳವೆಯ ಸುದ್ದಿಯನ್ನು ಅಂದೇ ಕಚೇರಿಗೆ ಲಿಖಿತವಾಗಿ ಮುಟ್ಟಿಸಿ ಸ್ವೀಕೃತಿ ಪಡೆಯಲಿ. ಹನಿ ಹನಿ ಕೂಡಿದರೆ ಹಳ್ಳವೆಂಬ ಗಾದೆ ಸೋರಿಕೆಗೂ ಸಲ್ಲುತ್ತದೆ, ಉಳಿತಾಯಕ್ಕೂ ಸಲ್ಲುತ್ತದೆ. ಮುಂದಿನ ನಿಯೋಗವು ಹೊಸ ಯೋಜನೆಯನ್ನು ಬೇಡಲು ರಾಜಧಾನಿಗೆ ಹೊರಡುವ ಮೊದಲು ಈ ಲೆಕ್ಕವನ್ನು ಕೈಯಲ್ಲಿ ಹಿಡಿದಿರಲಿ.